ಬಾಗಿಲಿನಿಂದ ಮೂರನೆಯದು

“ಯಜಮಾನ್ರು ಇದ್ದಾರಾ?”

ಮೂವತ್ತೊಂದು ವರ್ಷಗಳಿಂದ ಆ ಮನೆಯ ಗೇಟಿನ ಹೊರಗೆ ನಿಂತು ಜನ ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಹಿಂಡಿ ಮಾರುವವನು ಕೇಳುತ್ತಿದ್ದ, ಹುಲ್ಲಿನ ಗಾಡಿಯವನು ಕೇಳುತ್ತಿದ್ದ, ದನದ ಡಾಕ್ಟರು ಕೇಳುತ್ತಿದ್ದರು, ದನಗಳ ಲೆಕ್ಕ ಬರೆದುಕೊಳ್ಳಲು ಬಂದವರು ಕೇಳುತ್ತಿದ್ದರು. ಹಾಗೆ ಕೇಳುವ ಹೊತ್ತಿಗೆ ಕೊಟ್ಟಿಗೆ ಅತ್ತಿಗೆ ಅವರ ಕಣ್ಣೆದುರಿಗೇ ಇರುತ್ತಿದ್ದಳು. ಮೊಣಕೈವರೆಗೆ ಸಗಣಿ, ಕಾಲಿಗೆ ಗಂಬೂಟು, ಒಂದು ಕೈಯಲ್ಲಿ ಕರುವಿನ ಹಗ್ಗ, ಇನ್ನೊಂದರಲ್ಲಿ ಬಕೆಟ್ಟು. ಈ ಅವತಾರದಲ್ಲಿ ನಿಂತ ಹೆಂಗಸು ಆ ಮನೆಗೆ ಪೇಪರ್ ಹಾಕಲು ಬಂದವಳಂತೂ ಅಲ್ಲ ಎಂದು ಕಣ್ಣಿದ್ದವರಿಗೆ ಗೊತ್ತಾಗಬೇಕು. ಗೊತ್ತಾಗುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಮನೆಯೊಳಗೆ ಕತ್ತು ಚಾಚಿ ನೋಡುತ್ತಿದ್ದರು. ಅವಳೂ ಹಲ್ಲು ಕಚ್ಚಿ, “ರೀ, ಯಾರೋ ಬಂದಿದ್ದಾರೆ ನೋಡ್ರಿ,” ಎಂದು ಒಳಗೆ ಕೂಗುತ್ತಿದ್ದಳು.

ಒಳಗಿನಿಂದ ಗಂಡ ಬರುತ್ತಿದ್ದ. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟುಕೊಂಡು ಬರುತ್ತಿದ್ದ. ಬಂದವರು ಹಸು ಎಷ್ಟನೇ ಕರು ಹಾಕಿದೆ ಎಂದು ಕೇಳಿದರೆ ಗಂಭೀರವಾಗಿ ಆಕಾಶ ನೋಡುತ್ತಿದ್ದ. ಹಾಗೆ ನೋಡುವ ನೆವದಲ್ಲಿ ಹೆಂಡತಿಯ ಕಡೆಗೂ ಒಂದು ಕಣ್ಣು ಹಾಯಿಸುತ್ತಿದ್ದ. ಅವಳು ಬಂದವರ ಬೆನ್ನ ಹಿಂದೆ ನಿಂತು ನಾಲ್ಕು ಬೆರಳು ತೋರಿಸುತ್ತಿದ್ದಳು. “ನಾಲ್ಕನೇದು,” ಎನ್ನುತ್ತಿದ್ದ ಗಂಡ, ತಾನೇ ಹೆರಿಗೆ ಮಾಡಿಸಿದವನ ಹಾಗೆ. ಬಂದವರು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಇಬ್ಬರನ್ನೂ ಹೊರಗೆ ಹಾಕುತ್ತಾರೆ. ಇಲ್ಲಿ ಗಂಡನಿಗೆ ಕೈಮುಗಿದು ಹೋಗುತ್ತಿದ್ದರು.

ಅವಳಿಗೆ ಕೊಟ್ಟಿಗೆ ಅತ್ತಿಗೆ ಎಂದು ಹೆಸರಿಟ್ಟದ್ದು ಆ ಬೀದಿಯ ಜನ. ಯಾರ ಮನೆಯ ಹಸು ನೋವು ತಿನ್ನುತ್ತಿದ್ದರೂ, ಯಾರ ಮನೆಯ ಕರು ಕಾಲು ಅಡ್ಡ ಮಾಡಿಕೊಂಡಿದ್ದರೂ ಡಾಕ್ಟರು ಬರುವುದಕ್ಕೆ ಮೊದಲು ಅವಳನ್ನು ಕರೆಯುತ್ತಿದ್ದರು. ಗಂಡನಿಗೆ ಇಟ್ಟ ಹೆಸರು ಹಾಲಿನಣ್ಣ. ಇದನ್ನು ನೆನೆಸಿಕೊಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಜನ್ಮದಲ್ಲಿ ಒಂದು ಮೊಲೆ ಹಿಂಡಿದವನಲ್ಲ. ಅವಳು ಹಿಂಡಿ, ಸೋಸಿ, ಮುಚ್ಚಳ ಬಿಗಿದು ಇಟ್ಟ ಕ್ಯಾನನ್ನು ಸ್ಕೂಟರಿಗೆ ಏರಿಸಿ ಡೈರಿಗೆ ಒಯ್ಯುವುದು ಅವನ ಕೆಲಸ. ಹೋಗಿಬರಲು ಇಪ್ಪತ್ತು ನಿಮಿಷದ ದಾರಿ. ಅವನಿಗೆ ಎರಡು ಗಂಟೆ ಬೇಕು, ಏಕೆಂದರೆ ಡೈರಿಯ ಮುಂದೆ ಒಂದು ಬೆಂಚಿತ್ತು. ಸಗಣಿ ಬಾಚಿದವಳು ಕೊಟ್ಟಿಗೆಯವಳಾದಳು, ಬೆಂಚಿನ ಮೇಲೆ ಕೂತವನು ಹಾಲಿನವನಾದ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹಾಗೆಂದು ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಒಂದು ದಿನ ಗದರಿದವನಲ್ಲ, ಕೈ ಎತ್ತಿದವನಲ್ಲ, ಅವಳಿಗೆ ಜ್ವರ ಬಂದರೆ ತಾನೇ ಗಂಜಿ ಮಾಡಿ ಕುಡಿಸಿದವನು. ಆದರೆ ಜ್ವರ ಬಂದ ದಿನವೂ ಹಾಲು ಅವಳೇ ಕರೆಯಬೇಕಾಗಿತ್ತು. “ಅವು ನಿನ್ನ ಬಿಟ್ರೆ ಯಾರಿಗೂ ಸೊರೆ ಬಿಡಲ್ಲ ಕಣೇ,” ಎಂದು ಹೊಗಳಿ, ಬಕೆಟ್ಟು ಕೈಗಿಟ್ಟು, ಕಂಬಳಿ ಹೊದಿಸಿ ಕೊಟ್ಟಿಗೆಯವರೆಗೆ ಕೈಹಿಡಿದು ಬಿಟ್ಟುಬರುತ್ತಿದ್ದ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ, ಮಾಡಿಕೊಳ್ಳದೆ ಇರುವುದಾದರೂ ಹೇಗೆ!

ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತೆರಡು. ಮೂರನೇ ದಿನ ಅತ್ತೆ ಅವಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, “ಇವೆರಡೂ ನಿಮ್ಮ ಮಾವನ ಹಸುಗಳು,” ಎಂದು ತೋರಿಸಿದ್ದರು. ಮಾವ ಕೊಟ್ಟಿಗೆಗೆ ಕಾಲಿಟ್ಟದ್ದನ್ನು ಅವಳು ನೋಡಿದ್ದು ಒಂದೇ ಸಲ, ಅದೂ ಕಳೆದುಹೋದ ಟಾರ್ಚು ಹುಡುಕಲು. ಕೆಚ್ಚಲಿಗೆ ಬಾವು ಬಂದರೆ ಯಾವ ಕಡೆಯಿಂದ ಹಿಂಡಬೇಕು, ಹೊಟ್ಟೆಯುಬ್ಬರಕ್ಕೆ ಏನು ಕುಡಿಸಬೇಕು, ಬೆದೆಗೆ ಬಂದ ಹಸು ಮೊದಲು ಕಿವಿ ಆಡಿಸಿ ಹೇಗೆ ಹೇಳುತ್ತದೆ, ಎಲ್ಲವನ್ನೂ ಕಲಿಸಿದ್ದು ಅತ್ತೆ. ನಲವತ್ತು ವರ್ಷ ದನ ಸಾಕಿದ ಆ ಹೆಂಗಸಿನ ಹೆಸರು ಯಾವ ಕಾಗದದಲ್ಲಿದೆ ಎಂದು ಹುಡುಕಿದರೆ ಸಿಗುವುದು ಎರಡೇ ಕಡೆ, ರೇಷನ್ ಕಾರ್ಡು ಮತ್ತು ಮರಣಪತ್ರ. ಅತ್ತೆ ತೀರಿಕೊಂಡ ವರ್ಷ ಎರಡು ಹಸು ಮೂರಾಯಿತು, ಆಮೇಲೆ ಐದಾಯಿತು. ಐದೂ ಈಗ ಗಂಡನ ಹಸುಗಳು.

ನಡುಮನೆಯ ಗೋಡೆಯ ಮೇಲೆ ಒಂದು ಚೌಕಟ್ಟು ತೂಗಾಡುತ್ತಿತ್ತು. ‘ಸತತ ಹತ್ತು ವರ್ಷ ಉತ್ತಮ ಗುಣಮಟ್ಟದ ಹಾಲು ಪೂರೈಸಿದ ಸದಸ್ಯರಿಗೆ ಡೈರಿಯ ಅಭಿನಂದನೆ.’ ಕೆಳಗೆ ಗಂಡನ ಹೆಸರು, ಬಂಗಾರದ ಬಣ್ಣದಲ್ಲಿ. ಅದರ ಮೇಲಿನ ಧೂಳು ವಾರಕ್ಕೊಮ್ಮೆ ಒರೆಸುವವಳೂ ಅವಳೇ. ಸ್ಟೂಲು ಹತ್ತಿ ಒರೆಸುವಾಗಲೆಲ್ಲ ಕೈಗೆ ತುಸು ಜಾಸ್ತಿಯೇ ಬಲ ಬರುತ್ತಿತ್ತು. ಗಾಜಿನ ಒಂದು ಮೂಲೆ ಬಿರುಕು ಬಿಟ್ಟದ್ದು ಹಾಗೆ.

ಇಷ್ಟಾದರೂ ಇದೆಲ್ಲ ನಡೆದುಕೊಂಡೇ ಹೋಗುತ್ತಿತ್ತು. ಕೆದಕಿದ್ದು ಡೈರಿಯ ಗೋಡೆಗೆ ಅಂಟಿಸಿದ ಒಂದು ನೋಟೀಸು.

ಅದರ ಸುದ್ದಿ ತಂದವನೂ ಗಂಡನೇ. ಒಂದು ಬೆಳಿಗ್ಗೆ ಬೆಂಚಿನಿಂದ ಎದ್ದುಬಂದು, ಚಹಾ ಹೀರುತ್ತ, ದಿನದ ವರದಿ ಒಪ್ಪಿಸುವಾಗ ಹೇಳಿದ. “ದನದ ಆಸ್ಪತ್ರೇಲಿ ಹತ್ತು ದಿನ ತರಬೇತಿ ಅಂತೆ. ಪ್ರಥಮ ಚಿಕಿತ್ಸೆ, ಕರು ಹಾಕಿಸೋದು, ಅದೂ ಇದೂ. ಪ್ರತಿ ಡೈರಿಯಿಂದ ಒಬ್ಬರು. ಕೊನೆಗೆ ಸರ್ಟಿಫಿಕೇಟು, ಔಷಧಿ ಪೆಟ್ಟಿಗೆ ಎಲ್ಲಾ ಕೊಡ್ತಾರಂತೆ. ಹೋಗಕ್ಕೆ ಯಾರಿಗೂ ಪುರುಸೊತ್ತಿಲ್ಲ.”

ಅವಳ ಕೈಯಲ್ಲಿದ್ದ ಸೋಸುವ ಬಟ್ಟೆ ಅಲ್ಲೇ ನಿಂತಿತು.

“ನಾನು ಹೋಗ್ತೀನಿ.”

ಗಂಡ ನಕ್ಕ. “ನೀನೆಲ್ಲಿ ಹೋಗ್ತೀಯ? ಅದು ಸದಸ್ಯರಿಗೆ ಮಾತ್ರ.”

“ಹಾಗಾದ್ರೆ ಸದಸ್ಯತ್ವ ನನ್ನ ಹೆಸರಿಗೆ ಮಾಡ್ಕೊಡಿ.”

“ಯಾರ ಹೆಸರಲ್ಲಿದ್ರೇನೇ? ಎಲ್ಲಾ ನಮ್ಮನೇದೇ ತಾನೆ.”

“ಅದೇ ನಾನೂ ಹೇಳ್ತಿರೋದು. ಯಾರ ಹೆಸರಲ್ಲಿದ್ರೇನು, ನನ್ನ ಹೆಸರಲ್ಲೇ ಇರ್ಲಿ.”

ಗಂಡ ಲೋಟ ಕೆಳಗಿಟ್ಟ. “ಜನ ಏನಂತಾರೆ?”

“ಏನಂತಾರೆ?”

“ಏನೋ ಅಂತಾರೆ.”

“ಏನು ಅಂತ ಹೇಳ್ರೀ.”

“ಅದೆಲ್ಲಾ ನಂಗೊತ್ತಿಲ್ಲ. ಅಂತಾರೆ ಅಷ್ಟೇ,” ಎಂದು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಆ ಪೇಪರ್ ಒಂದು ಸಲ ಅಡ್ಡ ಬಂತೆಂದರೆ ಮುಗಿಯಿತು. ಅದರಾಚೆ ಏನು ಹೇಳಿದರೂ ಬರುವ ಉತ್ತರ “ಹೂಂ” ಒಂದೇ.

ಅದೇ ಪೇಪರಿನ ಆಚೆಗೆ ನಾಲ್ಕು ದಿನದ ಹಿಂದೆ ಅವಳು ಇನ್ನೊಂದು ಮಾತು ಹೇಳಿದ್ದಳು. ಕೊಟ್ಟಿಗೆಯಲ್ಲಿ ಐದು ಗೂಟ, ಐದು ಹಸು. ಬಾಗಿಲಿನಿಂದ ಮೊದಲನೆಯದು ಮಹಾರಾಣಿ, ಎರಡನೆಯದು ಗಡಿಬಿಡಿ, ಮೂರನೆಯದು ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಮಚ್ಚೆ, ನಾಲ್ಕನೆಯದು ಅಳುಬುರುಕಿ, ಕೊನೆಗೆ ಮುದುಕಿ. ನಾಲ್ಕನೇ ಗೂಟದ ಹತ್ತಿರ ನೆಲದ ಚಪ್ಪಡಿ ಒಡೆದು ನೀರು ನಿಂತು ಜಾರುತ್ತಿತ್ತು. ಅಳುಬುರುಕಿಗೆ ಗಬ್ಬ ನಿಂತ ಹಾಗೆ ಕಾಣುತ್ತಿತ್ತು. ಅದೂ ಮೂರು ಸಲ ನಿಲ್ಲದೆ, ನಾಲ್ಕನೇ ಸಲ ನಿಂತದ್ದು. ಜಾರಿ ಬಿದ್ದರೆ ಗತಿಯೇನು ಎಂದು ಅದನ್ನು ಮೂರನೇ ಗೂಟಕ್ಕೆ ತಂದು, ಗಬ್ಬ ನಿಲ್ಲದೆ ಸತಾಯಿಸುತ್ತಿದ್ದ ಮಚ್ಚೆಯನ್ನು ನಾಲ್ಕಕ್ಕೆ ಕಟ್ಟಿದಳು. “ಮೂರು, ನಾಲ್ಕು ಅದಲು ಬದಲು ಮಾಡಿದ್ದೀನಿ, ಆ ಚಪ್ಪಡಿ ಒಂದು ಸರಿಮಾಡ್ಸಿ,” ಎಂದು ಗಂಡನಿಗೆ ಹೇಳಿದಳು.

“ಹೂಂ,” ಎಂದಿತ್ತು ಪೇಪರ್.

ತರಬೇತಿಗೆ ಹೆಸರು ಕೊಡಲು ಕೊನೆಯ ದಿನ ಬಂತು. ಎಂಟು ದಿನ ಕೇಳಿ ಕೇಳಿ ಅವಳ ಬಾಯಿ ನೋಯುತ್ತಿತ್ತು. ಗಂಡ ಇವತ್ತು ನಾಳೆ ಎಂದು ದಿನ ತಳ್ಳಿದ್ದ. ಆ ದಿನ ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆ ತೊಳೆದು, ಹುಲ್ಲು ಹಾಕಿ, ಗಂಡ ಡೈರಿಯಿಂದ ಬಂದು ತಿಂಡಿಗೆ ಕೂತಾಗ ಅವಳು ಗಂಬೂಟು ಬಿಚ್ಚಿ ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಡೆದುಕೊಂಡೇ ಡೈರಿಗೆ ಹೋದಳು. ಮೂವತ್ತೊಂದು ವರ್ಷ ಅಲ್ಲಿಗೆ ಹಾಲು ಕಳಿಸಿದವಳು ಆ ಕಟ್ಟಡದೊಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲ ಬಳಿ ಆ ಬೆಂಚು ಇತ್ತು. ಕೂತು ಕೂತು ಅದರ ಹಲಗೆ ಒಂದು ಕಡೆ ತಗ್ಗಾಗಿತ್ತು.

ಡೈರಿಯ ಸೆಕ್ರೆಟರಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಮನುಷ್ಯ. ರಬ್ಬರ್ ಸ್ಟಾಂಪನ್ನು ಕೈಗೆ ಸಿಗುವಂತೆ ಇಟ್ಟುಕೊಂಡೇ ಮಾತಾಡುವವರು.

“ಏನಮ್ಮ, ಹಾಲಿನಣ್ಣ ಹುಷಾರಾಗಿದ್ದಾರೆ ತಾನೆ? ಬೆಳಿಗ್ಗೆ ಇಲ್ಲೇ ಕೂತಿದ್ರಲ್ಲ!”

“ಅವರಿಗೇನಾಗಿದೆ, ಚೆನ್ನಾಗೇ ಇದ್ದಾರೆ. ಸದಸ್ಯತ್ವ ನನ್ನ ಹೆಸರಿಗೆ ಮಾಡ್ಸಬೇಕು. ಫಾರಂ ಕೊಡಿ.”

ಸೆಕ್ರೆಟರಿ ಕಪಾಟು ತಡಕಾಡಿ ಹಳದಿಯಾದ ಒಂದು ಫಾರಂ ತೆಗೆದು, ಊದಿ, ಮೇಜಿನ ಮೇಲಿಟ್ಟರು. ಬೆರಳಿಟ್ಟು ಓದಿದರು. “‘ಸದಸ್ಯತ್ವ ಬದಲಾವಣೆಗೆ ಕಾರಣ.’ ಇಲ್ಲಿ ಎರಡೇ ಇದೆ ನೋಡಿ. ಒಂದು, ಸದಸ್ಯರು ಮರಣ ಹೊಂದಿರುವುದು. ಎರಡು, ಸದಸ್ಯರು ಊರು ಬಿಟ್ಟಿರುವುದು. ಇದರಲ್ಲಿ ಯಾವುದು?”

“ಎರಡೂ ಅಲ್ಲ.”

“ಹಾಗಾದ್ರೆ ಬರಲ್ಲಮ್ಮ.”

“ಹಸು ಸಾಕೋಳು ನಾನು ಸಾರ್.”

“ಅದು ಎಲ್ರಿಗೂ ಗೊತ್ತು. ಅದಕ್ಕೆ ಇಲ್ಲಿ ಜಾಗ ಇಲ್ಲ.”

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗಂಡ ಸತ್ತರೆ ಹಸು ಅವಳದು. ಗಂಡ ಓಡಿಹೋದರೆ ಹಸು ಅವಳದು. ಗಂಡ ಮನೆಯಲ್ಲಿ ನೆಟ್ಟಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ ಮಾತ್ರ ಅವಳು ಯಾರೂ ಅಲ್ಲ. ಇಂಥ ಫಾರಂ ಬರೆದವನು ಯಾರೋ, ಅವನ ಮನೆಯಲ್ಲಿ ಹಾಲು ಕರೆಯುವವರು ಯಾರೋ!

“ಅವರು ತಾವಾಗೇ ಬರೆದು ಸಹಿ ಹಾಕಿಕೊಟ್ರೆ?”

“ಹಾಕಿದ್ರೆ ನೋಡೋಣ. ಸಂಜೆ ಐದರ ಒಳಗೆ ತರಬೇಕು.” ಸೆಕ್ರೆಟರಿ ಫಾರಂ ಅವಳ ಕಡೆ ತಳ್ಳಿದರು. ಆಮೇಲೆ ಏನೋ ನೆನಪಾಗಿ, “ನೀವು ಇಲ್ಲಿದ್ದೀರಿ, ಡಾಕ್ಟರು ಈಗಷ್ಟೇ ನಿಮ್ಮನೆ ಕಡೆ ಹೊರಟ್ರು. ಬೆದೆ ಇಂಜೆಕ್ಷನ್ ಪಟ್ಟೀಲಿ ಇವತ್ತು ಮೊದಲು ನಿಮ್ಮದೇ,” ಎಂದರು.

“ಯಾವ ಪಟ್ಟಿ?”

ಸೆಕ್ರೆಟರಿ ಒಂದು ಹಾಳೆ ತಿರುಗಿಸಿ ತೋರಿಸಿದರು. ಗಬ್ಬ ನಿಲ್ಲದ ಹಸುಗಳಿಗೆ ಬೆದೆ ಬರಿಸುವ ಇಂಜೆಕ್ಷನ್ ಕೊಡುವ ಪಟ್ಟಿ ಅದು. ಹೋದ ವಾರ ಬೆಂಚಿನ ಮೇಲೆ ಕೂತವರಿಂದ ಬರೆಸಿಕೊಂಡದ್ದು. ಗಂಡನ ಗುಂಡು ಗುಂಡು ಅಕ್ಷರ ಅವಳಿಗೆ ತಟ್ಟನೆ ಗುರುತಾಯಿತು. ಕಿವಿಗೆ ಹೊಡೆದ ಓಲೆಯ ನಂಬರ್ ಬರೆಯುವ ಜಾಗ ಖಾಲಿ ಇತ್ತು. ಹಸುವಿನ ವಿವರ ಎಂಬಲ್ಲಿ ಹೀಗೆ ಬರೆದಿದ್ದ: ‘ಬಾಗಿಲಿನಿಂದ ಮೂರನೆಯದು.’

ಮನೆಯಲ್ಲಿ ಯಾವಾಗಲೋ “ಮೂರನೇದು ಗಬ್ಬ ನಿಲ್ತಿಲ್ಲ” ಎಂದು ಅವಳು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಮೂರನೆಯದನ್ನು ಬದಲಾಯಿಸಿದ್ದು ಬಿದ್ದಿರಲಿಲ್ಲ. ಈಗ ಮೂರನೇ ಗೂಟದಲ್ಲಿ ಇದ್ದದ್ದು ಅಳುಬುರುಕಿ. ಗಬ್ಬದ ಹಸುವಿಗೆ ಆ ಇಂಜೆಕ್ಷನ್ ಬಿದ್ದರೆ ಕಂದು ಹಾಕುತ್ತದೆ. ಒಂದೂವರೆ ವರ್ಷ ಕಾದು ನಿಂತ ಗಬ್ಬ ನಾಲ್ಕು ದಿನದಲ್ಲಿ ಇಳಿದುಹೋಗುತ್ತದೆ.

ಅವಳು ಫಾರಮನ್ನು ಮಡಿಚಿ ಸ್ವೆಟರಿನ ಜೇಬಿಗೆ ತುರುಕಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಓಡುತ್ತಲೇ ಗಂಡನಿಗೆ ಫೋನ್ ಮಾಡಿದಳು. ಅದು ಹೊಡೆದುಕೊಂಡೇ ಹೊಡೆದುಕೊಂಡಿತು. ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಹೋಗಿರುತ್ತಾನೆ, ಅವಳಿಗೆ ಗೊತ್ತು. ಇಡೀ ದಿನ ಕೈಯಲ್ಲಿ ಹಿಡಿದು ಊರಿನವರ ಜೊತೆ ಹರಟುವ ಫೋನು ಬೇಕಾದ ಹೊತ್ತಿಗೆ ಗೋಡೆಗೆ ಅಂಟಿಕೊಂಡಿರುತ್ತದೆ. ದಾರಿಯುದ್ದಕ್ಕೂ ಅವಳು ಗಂಡನನ್ನು ಬೈದಳು, ಪೇಪರನ್ನು ಬೈದಳು, ಫಾರಂ ಬರೆದವನನ್ನು ಬೈದಳು, ಗೂಟ ಬದಲಾಯಿಸಿದ ತನ್ನ ಕೈಯನ್ನೂ ಬೈದುಕೊಂಡಳು. ಆ ಕರು ಹೋದರೆ ತಾನು ಇವನನ್ನು ಎಂದೂ ಕ್ಷಮಿಸಲಾರೆ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಗೇಟು ತಳ್ಳುವಾಗಲೇ ಅಳುಬುರುಕಿಯ ಕೂಗು ಕೇಳಿಸಿತು. ಹೆಸರಿಗೆ ತಕ್ಕ ಹಸು. ಅಪರಿಚಿತರ ನೆರಳು ಬಿದ್ದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಅಂಬಾ ಎನ್ನುತ್ತಿತ್ತು.

ಕೊಟ್ಟಿಗೆಯೊಳಗಿನ ನೋಟ ನೋಡಿ ಅವಳು ಬಾಗಿಲಲ್ಲೇ ನಿಂತಳು. ಡಾಕ್ಟರು ಗೋಡೆಗೆ ಒರಗಿ, ತುಂಬಿದ ಸಿರಿಂಜನ್ನು ಮೇಲಕ್ಕೆ ಹಿಡಿದುಕೊಂಡು ನಿಂತಿದ್ದರು. ಗಂಡ ಗಂಜಲದ ಚರಂಡಿಯಲ್ಲಿ ಒಂದು ಕಾಲಿಟ್ಟು, ಎರಡೂ ಕೈಯಲ್ಲಿ ಹಗ್ಗ ಜಗ್ಗುತ್ತಿದ್ದ. ಇಸ್ತ್ರಿ ಅಂಗಿಯ ಬೆನ್ನಿಗೆ ಸಗಣಿ ಬಡಿದಿತ್ತು, ಒಂದು ಚಪ್ಪಲಿ ಮೇವಿನ ಗೋದಲಿಯೊಳಗೆ ಬಿದ್ದಿತ್ತು. ಅಳುಬುರುಕಿ ಹಿಂಭಾಗ ಬೀಸಿ ಬೀಸಿ ಇಬ್ಬರನ್ನೂ ಹತ್ತಿರಕ್ಕೆ ಬಿಟ್ಟುಕೊಂಡಿರಲಿಲ್ಲ. ಒಂದು ಸಿರಿಂಜು ಆಗಲೇ ನೆಲಕ್ಕೆ ಬಿದ್ದು ಒಡೆದಿತ್ತು.

“ಮೂಗು ಹಿಡಿಯಕ್ಕೆ ಬರಲ್ವಾ ಯಜಮಾನ್ರೇ ನಿಮಗೆ?” ಎನ್ನುತ್ತಿದ್ದರು ಡಾಕ್ಟರು.

ಗಂಡ ಅವಳನ್ನು ಕಂಡವನೇ ಬದುಕಿದೆ ಎಂಬಂತೆ ಉಸಿರು ಬಿಟ್ಟ. “ಎಲ್ಲೇ ಹೋಗಿದ್ದೆ? ಅರ್ಧ ಗಂಟೆಯಿಂದ ಕಾಯ್ತಿದ್ದೀವಿ. ಬಾ, ಬೇಗ ಹಿಡ್ಕೋ!”

ಅವಳು ಬಂದು ಹಿಡಿದುಕೊಂಡಳು. ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಮೂಗು ಹಿಡಿದು, ಇನ್ನೊಂದು ಕೈಯಿಂದ ಕತ್ತಿನಡಿಯ ಗಂಗೆದೊಗಲು ಸವರಿದಳು. ಅಳುಬುರುಕಿ ಒಮ್ಮೆ ಬುಸ್ಸೆಂದು ಸುಮ್ಮನಾಯಿತು. ಡಾಕ್ಟರು ಸಿರಿಂಜು ಹಿಡಿದು ಮುಂದೆ ಬಂದರು. ಆಗ ಅವಳು ಅವರಿಗೂ ಹಸುವಿಗೂ ನಡುವೆ ಬಂದು ನಿಂತಳು.

“ಚುಚ್ಚಬೇಡಿ. ಇದು ಗಬ್ಬ. ಇವತ್ತಿಗೆ ನಲವತ್ತು ದಿನ.”

“ಪಟ್ಟೀಲಿ ಗಬ್ಬ ಇಲ್ಲ ಅಂತಿದೆಯಲ್ಲಮ್ಮ.”

“ಪಟ್ಟೀಲಿರೋದು ಮಚ್ಚೆ. ಅದೋ, ಪಕ್ಕದಲ್ಲಿ ನಿಂತಿದೆ ನೋಡಿ. ಇದು ಅಳುಬುರುಕಿ.”

ಡಾಕ್ಟರು ಗಂಡನ ಕಡೆ ತಿರುಗಿದರು. ಹಳೆಯ ಅಭ್ಯಾಸ. “ಯಜಮಾನ್ರೇ, ಇದರ ಹೆಸರೇನು?”

ಗಂಡ ಆಕಾಶ ನೋಡಲು ಕತ್ತೆತ್ತಿದ. ಕೊಟ್ಟಿಗೆಯಲ್ಲಿ ಆಕಾಶ ಇರಲಿಲ್ಲ, ಜೇಡರ ಬಲೆ ಇತ್ತು. ಅಲ್ಲಿಂದ ಕಣ್ಣಿಳಿಸಿ ಹೆಂಡತಿಯ ಬೆರಳು ನೋಡಿದ. ಅವಳ ಎರಡು ಕೈಯೂ ಹಸುವಿನ ಮೇಲಿದ್ದವು. ಅವಳು ಬೇಕೆಂದೇ ತುಟಿ ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು.

“ಮೂರನೇದಲ್ವಾ,” ಎಂದ ಗಂಡ, ಗೂಟ ಎಣಿಸಿ. “ಮಚ್ಚೆ.”

ಡಾಕ್ಟರು ಹಸುವಿನ ಹಣೆ ನೋಡಿದರು. ಹಣೆ ಪೂರ್ತಿ ಕಪ್ಪಗಿತ್ತು. ಮಚ್ಚೆ ಹೋಗಲಿ, ಒಂದು ಬಿಳಿ ಕೂದಲೂ ಇರಲಿಲ್ಲ. ನಾಲ್ಕನೇ ಗೂಟದಲ್ಲಿ ಅಂಗೈಯಗಲದ ಬಿಳಿ ಮಚ್ಚೆ ಹೊತ್ತ ಹಸು ಮೆಲುಕು ಹಾಕುತ್ತ ಇವರನ್ನೇ ನೋಡುತ್ತಿತ್ತು. ಡಾಕ್ಟರು ಕೆಮ್ಮಿದರು.

ಅವಳಿಗೆ ತಡೆಯಲಾಗಲಿಲ್ಲ.

“ಇಪ್ಪತ್ತೊಂದನೇ ದಿನ ಮತ್ತೆ ಬೆದೆಗೆ ಬರುತ್ತೇನೋ ಅಂತ ಹಿಂದೆ ಮುಂದೆ ಐದು ದಿನ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ ನಾನು. ಬರಲಿಲ್ಲ ಅಂತ ಗೊತ್ತಾದ ದಿನ ಸಂತೋಷಕ್ಕೆ ಇಲ್ಲೇ ಕೂತು ಅತ್ತಿದ್ದೀನಿ. ನಿಮಗೆ ಹೇಳಿದೆ, ಹೂಂ ಅಂದ್ರಿ. ಗೂಟ ಬದಲಾಯಿಸಿದೆ ಅಂತ ಹೇಳಿದೆ, ಹೂಂ ಅಂದ್ರಿ. ಆ ಕಾಗದ ಬರೆಯೋ ಮೊದಲು ಒಂದು ಮಾತು ಕೇಳಕ್ಕೆ ನಿಮಗೆ ಏನಾಗಿತ್ತು? ಮೂವತ್ತೊಂದು ವರ್ಷ ಆಯ್ತಲ್ರೀ! ನಿಮಗೆ ಗೊತ್ತಿರೋದು ಗೂಟ. ಹಸು ಗೊತ್ತಿಲ್ಲ.”

ಅವಳು ಸೂರಿನ ತೊಲೆಯ ಸಂದಿಗೆ ಕೈ ಹಾಕಿ ಪ್ಲಾಸ್ಟಿಕ್ ಕವರೊಂದನ್ನು ಎಳೆದು ಕೃತಕ ಗರ್ಭಧಾರಣೆಯ ಚೀಟಿಯನ್ನು ಡಾಕ್ಟರಿಗೆ ಕೊಟ್ಟಳು. ಡಾಕ್ಟರು ಚೀಟಿಯ ನಂಬರನ್ನೂ ಹಸುವಿನ ಕಿವಿಯ ಓಲೆಯ ನಂಬರನ್ನೂ ಒಂದೊಂದೇ ಅಂಕಿ ಓದಿ ಹೋಲಿಸಿದರು. ಎಲ್ಲ ಸರಿಯಾಗಿತ್ತು. ನಲವತ್ತು ದಿನ, ಅದೂ ಸರಿಯಾಗಿತ್ತು. ಅವರು ಸಿರಿಂಜಿಗೆ ಮುಚ್ಚಳ ಹಾಕಿದರು. ಅವಳು ಆಗ ಗೋದಲಿಯ ಅಂಚಿಗೆ ಕೂತುಬಿಟ್ಟಳು.

“ನೀವು ಹೇಳೋದು ಸರಿ ಅಮ್ಮ. ಆದ್ರೆ ಪಟ್ಟಿಯಿಂದ ತೆಗೀಬೇಕಾದ್ರೆ ನನಗೆ ಬರವಣಿಗೇಲಿ ಬೇಕು. ಸದಸ್ಯರೇ ಬರೆದುಕೊಡಬೇಕು,” ಎಂದು ಡಾಕ್ಟರು ಪೆನ್ನನ್ನು ಗಂಡನಿಗೆ ಕೊಟ್ಟರು.

ಗಂಡ ಸಗಣಿ ಕೈಯನ್ನು ಅಂಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ‘ನಾನು ಬರೆಸಿದ ವಿವರ ತಪ್ಪು’ ಎಂದು ಬರೆಯುವಾಗ ಅವನ ಕಿವಿ ಕೆಂಪಾಗಿತ್ತು. ಡಾಕ್ಟರು ಮಚ್ಚೆಯನ್ನು ಪರೀಕ್ಷೆ ಮಾಡಿ, ಅದಕ್ಕೆ ಇಂಜೆಕ್ಷನ್ ಕೊಟ್ಟು, ಚೀಲ ಎತ್ತಿಕೊಂಡು ಹೊರಟರು. ಪೆನ್ನು ಗಂಡನ ಕೈಯಲ್ಲೇ ಉಳಿಯಿತು.

ಅವಳು ಜೇಬಿನಿಂದ ಫಾರಂ ತೆಗೆದು ಅವನ ಮುಂದೆ ಹಿಡಿದಳು. ಹೇಳಿ ಹೇಳಿ ಸಾಕಾಗಿತ್ತು.

ಅವನು ಓದಿದ. ಎರಡು ಸಲ ಓದಿದ. “ಕಾರಣ ಅಂತ ಇಲ್ಲಿ ಎರಡೇ ಇದೆಯಲ್ಲೇ. ನಾನೇನು ಸತ್ತಿಲ್ಲ, ಊರೂ ಬಿಟ್ಟಿಲ್ಲ.”

“ಮೂರನೇದು ಬರೀರಿ.”

ಅವನು ಅಳುಬುರುಕಿಯನ್ನು ನೋಡಿದ, ಮಚ್ಚೆಯನ್ನು ನೋಡಿದ, ಆಚೆಗಿದ್ದ ಮುದುಕಿಯನ್ನೂ ನೋಡಿದ. ಮೊದಲ ಬಾರಿಗೆ ಒಂದೊಂದರ ಮುಖ ನೋಡುತ್ತಿರುವವನ ಹಾಗೆ ನೋಡಿದ. ಆಮೇಲೆ ಫಾರಮನ್ನು ಗೋಡೆಗೆ ಒತ್ತಿ ಹಿಡಿದು, ಎರಡನೇ ಕಾರಣದ ಕೆಳಗಿನ ಖಾಲಿ ಜಾಗದಲ್ಲಿ ತನ್ನ ಗುಂಡು ಅಕ್ಷರದಲ್ಲಿ ಬರೆದ. ‘ಹಸುಗಳನ್ನು ಸಾಕುತ್ತಿರುವುದು ನನ್ನ ಹೆಂಡತಿ. ನನಗೆ ಅವು ಗೊತ್ತಿಲ್ಲ.’ ಕೆಳಗೆ ಸಹಿ ಹಾಕಿದ. ಹೆಬ್ಬೆರಳಿನ ಸಗಣಿ ಮೂಲೆಯಲ್ಲಿ ಅಚ್ಚೊತ್ತಿತು.

ಸೆಕ್ರೆಟರಿ ಆ ಕಾಗದವನ್ನು ಮೂಸಿ ನೋಡಿದರು. ಇಂಥ ಕಾರಣ ತಮ್ಮ ಸರ್ವಿಸಿನಲ್ಲೇ ಬಂದಿಲ್ಲ ಎಂದರು. ಮೇಲಿನವರಿಗೆ ಫೋನ್ ಮಾಡಿ ಕೇಳಬೇಕು ಎಂದರು, ಮೇಲಿನವರು ಊಟಕ್ಕೆ ಹೋಗಿದ್ದಾರೆ ಎಂದರು. ಅವಳು ಹೊರಗೆ ಬಂದು ಗಂಡನ ಬೆಂಚಿನ ಮೇಲೆ, ಆ ತಗ್ಗಿನಲ್ಲೇ ಕೂತಳು. ಮೂರೂವರೆ ಗಂಟೆ ಅಲ್ಲಾಡದೆ ಕೂತಳು. ಸಂಜೆಯ ಹಾಲಿನ ಹೊತ್ತಾಯಿತು ಹೋಗಮ್ಮ ಎಂದರೂ ಏಳಲಿಲ್ಲ. “ಹಾಲು ಕರೆಯಕ್ಕೆ ಯಾರಿದ್ದಾರೆ ಅಂತ ನಿಮ್ಮ ಫಾರಮನ್ನೇ ಕೇಳಿ,” ಎಂದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಒಳಗೆ ಸ್ಟಾಂಪು ಬಿದ್ದ ಸದ್ದು ಕೇಳಿಸಿತು.

ತರಬೇತಿಯ ಹತ್ತು ದಿನವೂ ಅವಳು ಬೆಳಿಗ್ಗೆ ಹಾಲು ಕರೆದಿಟ್ಟು ಬಸ್ಸು ಹತ್ತುತ್ತಿದ್ದಳು, ಬಂದು ಮತ್ತೆ ಬಕೆಟ್ಟು ಹಿಡಿಯುತ್ತಿದ್ದಳು. ಅದರಲ್ಲೇನೂ ಪವಾಡ ನಡೆಯಲಿಲ್ಲ. ಗಂಡ ಈಗಲೂ ಕ್ಯಾನು ಒಯ್ಯುತ್ತಾನೆ, ಜನ ಈಗಲೂ ಅವನನ್ನೇ ಹಾಲಿನಣ್ಣ ಎನ್ನುತ್ತಾರೆ. ಬೆಂಚಿನ ಮೇಲೆ ಕೂತು, “ಇರ್ಲಿ ಪಾಪ ಅಂತ ನಾನೇ ಅವಳ ಹೆಸರಿಗೆ ಮಾಡ್ಕೊಟ್ಟೆ,” ಎಂದು ದೊಡ್ಡ ಮನಸ್ಸಿನ ಕತೆ ಹೇಳುತ್ತಾನಂತೆ. ಅದನ್ನು ಕೇಳಿದ ದಿನ ಅವಳಿಗೆ ಮತ್ತೆ ಮೈಯೆಲ್ಲ ಉರಿಯಿತು. ಒಡೆದ ಚಪ್ಪಡಿಯೂ ಹಾಗೇ ಇದೆ. ಆದರೆ ಪೇಪರ್ ಓದುವಾಗ ಅವಳು ಏನಾದರೂ ಹೇಳಿದರೆ ಈಗ ಅದನ್ನು ಒಂದು ಗೇಣು ಕೆಳಗಿಳಿಸಿ, “ಯಾವುದು, ಮಚ್ಚೆನಾ?” ಎಂದು ಕೇಳುತ್ತಾನೆ. ಹೆಚ್ಚಿನ ಸಲ ಅದು ಗಡಿಬಿಡಿ ಆಗಿರುತ್ತದೆ.

ಅಳುಬುರುಕಿ ಹೆಣ್ಣು ಕರು ಹಾಕಿತು. ಕರು ಹುಟ್ಟಿ ಒಂದು ವಾರಕ್ಕೆ ಡಾಕ್ಟರು ಅದನ್ನು ನೋಡಲು ಬಂದರು. ಅವಳು ಕೊಟ್ಟಿಗೆಯಲ್ಲಿ ಕರುವಿನ ಬಾಯಿಗೆ ಬೆರಳಿಟ್ಟು ಬಕೆಟ್ಟಿನಲ್ಲಿ ಹಾಲು ಕುಡಿಯುವುದನ್ನು ಕಲಿಸುತ್ತಿದ್ದಳು. ಗೇಟಿನ ಹೊರಗಿನಿಂದ ಕೂಗು ಕೇಳಿಸಿತು.

“ಯಜಮಾನ್ರು ಇದ್ದಾರಾ?”

ಅವಳು ತಲೆ ಎತ್ತಲೂ ಇಲ್ಲ. ಕರುವಿನ ಬಾಯಿಂದ ಬೆರಳು ತೆಗೆಯದೆ ಮನೆಯ ಕಡೆ ಗಂಟಲೆತ್ತಿ ಕೂಗಿದಳು. “ರೀ, ಯಾರೋ ಕರೀತಿದ್ದಾರೆ ನೋಡ್ರಿ!”

ಪೇಪರಿನ ಆಚೆಯಿಂದ ಗಂಡ ರೇಗಿದ ದನಿಯಲ್ಲಿ ಕೂಗಿ ಹೇಳಿದ.

“ನಿನ್ನನ್ನೇ ಕಣೇ ಕರೀತಿರೋದು! ಆಗಲಿಂದ ಕೂಗ್ತಿದ್ದಾರೆ, ಕಿವಿ ಕೇಳಲ್ವಾ ನಿಂಗೆ?”